ಖಾಲಿ ಜಾಗದ ಒನಕೆ

ನಮ್ಮ ಕಡೆ ಖಾರ ಕುಟ್ಟುವ ಗಿರಣಿ ಇನ್ನೂ ಬಂದಿರದ ದಿನಗಳವು. ಜೈನಾಪುರದಿಂದ ನನ್ನನ್ನು ವಿಜಾಪುರಕ್ಕೆ ಕರೆತಂದು, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಚಿಗವ್ವನ ಮನೆಯಲ್ಲಿ ಬಿಟ್ಟು, ಇಂಗ್ಲಿಷ್ ಶಾಲೆಗೆ ಹಚ್ಚಿದರು. ಕನ್ನಡವಲ್ಲದೆ ಬೇರೆ ಭಾಷೆಯ ಗಾಳಿಯೂ ನನಗೆ ತಾಗಿರಲಿಲ್ಲ. ತರಗತಿಯಲ್ಲಿ ಮೂಕಿಯಂತೆ ಕುಳಿತಿರುತ್ತಿದ್ದ ನನಗೆ ಅಲ್ಲಿ ಹಿಡಿಸಿದ್ದು ಹೊಸದಾಗಿ ಕಟ್ಟಿದ್ದ ಬ್ಯಾಂಡ್ ಒಂದೇ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ಬಿಗುಲಿನ ಹುಳಿವಾಸನೆ, ಹೆಗಲಿಗೆ ಒತ್ತುವ ಡ್ರಮ್ಮಿನ ಪಟ್ಟಿ, ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬಿಚ್ಚುತ್ತಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ: ಆ ಮಳೆಗಾಲದಲ್ಲಿ ಶಾಲೆಯೆಂದರೆ ನನಗೆ ಇಷ್ಟೇ.

ಹಳೆಯ ಗೆಳತಿಯರು ಸೇರಿದಾಗಲೆಲ್ಲ ಒಂದು ಕತೆ ಹೇಳುತ್ತಾರೆ. ಬ್ಯಾಂಡ್ ಕಲಿಸುತ್ತಿದ್ದ ಮಹಿಬೂಬ ಸರ್ ಒಂದೇ ತಿಂಗಳಲ್ಲಿ ನನಗೆ ಇಂಗ್ಲಿಷ್ ಕಲಿಸಿ, ಬ್ಯಾಂಡಿನಲ್ಲಿ ಉಳಿಸಿಕೊಂಡರಂತೆ. ನಾನು ಒಪ್ಪುವುದಿಲ್ಲ. ಆ ವರ್ಷ ನಾನು ಇಂಗ್ಲಿಷ್ ಕಲಿಯಲೇ ಇಲ್ಲ. ಬದಲಾದದ್ದು ಪರೀಕ್ಷೆ.

ಆಗಸ್ಟ್ ಹದಿನೈದರ ಮೆರವಣಿಗೆಗೆ ಮೊದಲು, ಶಾಲೆ ನಡೆಸುತ್ತಿದ್ದ ದೊಡ್ಡ ಟೀಚರು ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ತಾಳದ ಗುರುತುಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನನ್ನ ನಾಲಿಗೆ ಏಳಲಿಲ್ಲ.

"ಈಕೀಗೆ ತಾಳ ತಿಳಿಯೂದಿಲ್ಲ. ಡ್ರಮ್ ಬ್ಯಾರೇದಾಕೀಗೆ ಕೊಡ್ರಿ ಸರ್," ಎಂದು ಹೇಳಿ ಹೊರಟುಹೋದರು.

"ಯಾಕ ಬೇ, ಬಾಯಾಗ ಕಡಬು ಇಟ್ಕೊಂಡು ನಿಂತಿದ್ದೇನು?" ಎಂದು ಪಕ್ಕದ ಡ್ರಮ್ಮಿನ ಶಾಂತಾ ಕಿಚಾಯಿಸಿದಳು.

ಮಹಿಬೂಬ ಸರ್ ನನ್ನ ಡ್ರಮ್ಮನ್ನು ಕೂಡಲೇ ಕಸಿದುಕೊಳ್ಳಲಿಲ್ಲ. "ನಾ ಬಾರಸ್ತೀನಿ. ಎಲ್ಲಿ ತಪ್ಪತೈತಿ, ಅಲ್ಲಿ ಕೈ ಎತ್ತು. ಮಾತಾಡಬ್ಯಾಡ," ಎಂದರು. ಒಂದೆಡೆ ಬೇಕೆಂದೇ ಒಂದು ಪೆಟ್ಟು ಹೆಚ್ಚು ಹಾಕಿದರು. ನನ್ನ ಕೈ ತಟ್ಟನೆ ಮೇಲೆದ್ದಿತು. ಇನ್ನೊಂದೆಡೆ, ಬಾರಿಸದೆ ಸುಮ್ಮನಿರಬೇಕಾದ ಜಾಗವನ್ನು ಮೊಟಕುಗೊಳಿಸಿದರು. ನನ್ನ ಕೈ ಏಳಲಿಲ್ಲ.

"ನೋಡವಾ, ಇಂಗ್ಲಿಷ್ ಬರೂದಿಲ್ಲ ಅನ್ನೂದು ಬ್ಯಾರೆ ಮಾತು. ನಿನ್ನ ಖರೇ ತಪ್ಪು ಇಲ್ಲಿ ಐತಿ. ಖಾಲಿ ಜಾಗಾದಾಗ ನಿಲ್ಲಾಕ ಆಗವಲ್ದು ನಿನಗ."

"ಸುಮ್ನ ನಿಂತ್ರ ದಿಕ್ಕ ತಪ್ಪತೈತ್ರಿ ಸರ್."

"ಮನ್ಯಾಗ ಇಬ್ಬರು ಕೂಡಿ ಮಾಡೂ ಕೆಲಸ ಯಾವದೈತಿ?"

"ಊರಾಗ ಖಾರ ಕುಟ್ತೀವ್ರಿ. ಅವ್ವ ಮತ್ತ ನಾ."

"ಅವ್ವನ ಒನಕಿ ಬೀಳೂ ಮುಂದ ನಿಂದು ಎಲ್ಲಿರ್ತೈತಿ?"

"ಮ್ಯಾಲ ರೀ. ಇಲ್ಲಾಂದ್ರ ಎರಡೂ ಬಡದಾಡಿ ಖಾರ ಕಣ್ಣಿಗೆ ಸಿಡೀತೈತಿ. ಅವ್ವ ಬೈತಾಳ್ರಿ."

"ಹಂಗಾರ ಈ ಖಾಲಿ ಜಾಗಾ ಅವ್ವಂದು. ಆಕಿ ಒನಕಿ ಬೀಳಲಿ, ಆಮ್ಯಾಲ ನಿಂದು."

ಅಂದಿನಿಂದ ಅಭ್ಯಾಸ ಹಾಗೆಯೇ ನಡೆಯಿತು. ಮೆರವಣಿಗೆ ಹತ್ತಿರ ಬಂದಾಗ ಸರ್ ದೊಡ್ಡ ಟೀಚರನ್ನು ಮೈದಾನಕ್ಕೆ ಕರೆತಂದರು. ನನ್ನನ್ನು ಎಲ್ಲರಿಗೂ ಬೆನ್ನು ಮಾಡಿ ನಿಲ್ಲಿಸಿ, ತಪ್ಪು ಬಂದಾಗ ಕೈ ಎತ್ತಲು ಹೇಳಿದರು. ಬ್ಯಾಂಡ್ ನುಡಿಯಿತು. ಬಹಳ ಹೊತ್ತು ನನ್ನ ಕೈ ಕೆಳಗೇ ಇತ್ತು. ಆಮೇಲೆ ಒಂದು ಖಾಲಿ ಜಾಗದಲ್ಲಿ ಯಾರೋ ಆತುರಪಟ್ಟು ಬಾರಿಸಿದರು. ಕೈ ಎತ್ತಿದೆ. ತಿರುಗಿ ನೋಡಿದರೆ ಶಾಂತಾ ನಾಲಿಗೆ ಕಚ್ಚಿಕೊಂಡು ನಿಂತಿದ್ದಳು.

"ಕಡಬು ಈಗ ಯಾರ ಬಾಯಾಗೈತಿ ಬೇ?" ಎಂದೆ. ದೊಡ್ಡ ಟೀಚರೂ ನಕ್ಕರು. ಡ್ರಮ್ ನನಗೇ ಉಳಿಯಿತು. ಮೆರವಣಿಗೆಯಲ್ಲಿ ಖಾಲಿ ಜಾಗ ಬಂದಾಗಲೆಲ್ಲ, ಊರಲ್ಲಿದ್ದ ಅವ್ವನ ಒನಕೆ ಬೀಳುವವರೆಗೆ ನನ್ನ ಕೋಲು ಮೇಲೆಯೇ ತಡೆದು ನಿಂತಿತು.

ಶಾಲೆ ಮಾತ್ರ ನನಗೆ ಬಹಳ ದಿನ ದಕ್ಕಲಿಲ್ಲ. ಇಂಗ್ಲಿಷನ್ನು ಆಮೇಲೆ, ಸಿಕ್ಕಿದ್ದನ್ನೆಲ್ಲ ಓದಿ, ನಾನೇ ಕಲಿತೆ.

ಈಗ ಮೊಮ್ಮಗಳು ಬ್ಯಾಂಡ್ ಕಲಿಯುತ್ತಿದ್ದಾಳೆ. ಪರೀಕ್ಷೆ ಕಾಗದದ ಮೇಲೆ ನಡೆಯುತ್ತದೆ; ಎಲ್ಲ ಗುರುತುಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು ಪೂರ್ತಿ ಅಂಕ ತಂದಿದ್ದಾಳೆ. ಆದರೆ ಬಾರಿಸುವಾಗ ಖಾಲಿ ಜಾಗದಲ್ಲಿ ನಾನು ಮುಗ್ಗರಿಸುತ್ತಿದ್ದಂತೆಯೇ ಮುಗ್ಗರಿಸುತ್ತಾಳೆ. ಅದನ್ನು ಯಾರೂ ಕೇಳಿಸಿಕೊಂಡಂತಿಲ್ಲ. ಅಂದು ಸರ್ ಕೇಳಿದ ಪ್ರಶ್ನೆಯನ್ನೇ ಮೊನ್ನೆ ನಾನು ಅವಳಿಗೆ ಕೇಳಿದೆ: "ಮನ್ಯಾಗ ಇಬ್ಬರು ಕೂಡಿ ಮಾಡೂ ಕೆಲಸ ಯಾವದೈತಿ?"

ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಅಡುಗೆಮನೆಯ ಕಡೆಗೊಮ್ಮೆ ನೋಡಿದಳು.

"ಯಾವದೂ ಇಲ್ಲಲ್ಲ, ಆಯಿ," ಎಂದಳು.