ಗೋಲ್ಕೊಂಡದ ಮೂರನೆಯ ಚಪ್ಪಾಳೆ

ಬೀದರಿನಿಂದ ಹೈದರಾಬಾದಿನ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಚಳಿ ಆಗಷ್ಟೇ ಶುರುವಾಗಿತ್ತು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತೆ. ನಮ್ಮ ರಾಜ್ಯದೊಳಗೆ ಹೆಂಗಸರಿಗೆ ಬಸ್ಸು ಉಚಿತ, ಆದರೆ ಗಡಿ ದಾಟುವ ಬಸ್ಸಿಗೆ ಅದು ನಡೆಯುವುದಿಲ್ಲ. ಹೈದರಾಬಾದಿನ ಕೂಕಟ್‌ಪಲ್ಲಿಗೆ ಇನ್ನೂರು ರೂಪಾಯಿಯ ಮೇಲೆ ಆಯಿತು. ತೊಡೆಯ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತುಂಬಿದ ಚೀಲ ಇತ್ತು.

ಈ ನೂರ ನಲವತ್ತು ಕಿಲೋಮೀಟರ್ ದಾರಿಯಲ್ಲಿ ನನ್ನ ಗಂಡ ಶಿವರಾಜ ವರ್ಷಗಟ್ಟಲೆ ಓಡಾಡಿದರು. ಗೋಲ್ಕೊಂಡ ಕೋಟೆಯಲ್ಲಿ ಕನ್ನಡ ಗೈಡ್ ಆಗಿದ್ದರು. ವಾರದಲ್ಲಿ ಆರು ದಿನ ಅಲ್ಲಿ, ಒಂದು ದಿನ ನನ್ನ ಹತ್ತಿರ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ಅಲ್ಲೇ ತೀರಿಕೊಂಡರು. ಆಸ್ಪತ್ರೆಗೆ ಒಯ್ದವನು, ಕೊನೆಯ ಮಾತು ಕೇಳಿದವನು, ಶವದ ಜೊತೆ ಬೀದರಿನವರೆಗೆ ಕೂತು ಬಂದವನು ಅವರ ಜೋಡಿ ಗೈಡ್ ನಜೀರ. ಅವನೂ ನಮ್ಮ ಬೀದರಿನವನೇ. ನನಗಿಂತ ಹೆಚ್ಚು ದಿನ ನನ್ನ ಗಂಡನ ಜೊತೆ ಇದ್ದವನು. ಅವನ ಮೇಲೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು. ಅವರು ಹೋದ ಮೇಲೆ ಅದು ಕಡಿಮೆಯಾಗಬೇಕಿತ್ತು, ಆಗಲಿಲ್ಲ.

ಆ ಕೋಟೆಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಕೆಳಗೆ ಬಾಗಿಲಿನ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟುತ್ತಾನೆ. ಇನ್ನೊಬ್ಬ ಜನರನ್ನು ಗುಡ್ಡದ ತುದಿಗೆ ಕರೆದೊಯ್ದು ಅದನ್ನು ಕೇಳಿಸುತ್ತಾನೆ. ಅಷ್ಟು ದೂರದ ಚಪ್ಪಾಳೆ ಮೇಲೆ ಸ್ಪಷ್ಟವಾಗಿ ಕೇಳುತ್ತದೆ, ಅದನ್ನು ಕೇಳಲೆಂದೇ ಜನ ಏರುತ್ತಾರೆ. ನಮ್ಮವರು ಕೆಳಗೆ, ನಜೀರ ಮೇಲೆ. ಅಲ್ಲಿಯ ಗೈಡುಗಳಲ್ಲಿ ಒಂದು ಪದ್ಧತಿ ಇದೆ. ಜೋಡಿಯಲ್ಲಿ ಒಬ್ಬ ಸತ್ತರೆ ವರ್ಷದ ತನಕ ಅವನ ಜಾಗ ಹಾಗೇ ಇಡುತ್ತಾರೆ. ಆಮೇಲೂ ಸತ್ತವನ ಮನೆಯವರು ಕೋಟೆಗೆ ಬಂದು ಆಗಲಿ ಅನ್ನಬೇಕು, ಆಗಷ್ಟೇ ಬೇರೆಯವರು ಅಲ್ಲಿ ನಿಲ್ಲಬಹುದು. ವರ್ಷದ ಪೂಜೆ ಮುಗಿದ ವಾರಕ್ಕೆ ನಜೀರ ಫೋನ್ ಮಾಡಿದ. ಶಾಲೆ ಪ್ರವಾಸದ ಹಂಗಾಮು ಬಂತು, ಜೋಡಿಗೆ ಒಬ್ಬರು ಸಿಕ್ಕಿದ್ದಾರೆ, ನೀವು ಬಂದು ಹೇಳಿ ಹೋಗಬೇಕು ಅಂದ. ಯಾರು ಅಂತ ನಾನು ಕೇಳಲಿಲ್ಲ. ಬೇಡ ಅನ್ನಬೇಕೆಂದೇ ಹೊರಟಿದ್ದೆ.

ಜಹೀರಾಬಾದಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಮುಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿ ಮೋಸಂಬಿ ಸುಲಿಯುತ್ತ ಬೀಜದ ವಿಷಯಕ್ಕೆ ಜಗಳವಾಡುತ್ತಿದ್ದರು. ನಾನು ಬೇರೆ ಕಡೆ ತಿರುಗಿದೆ.

ನೀವು ಒಮ್ಮೆಯೂ ಕೋಟೆ ನೋಡಲಿಲ್ಲವೇ ಎಂದು ಊರಲ್ಲಿ ಕೇಳುತ್ತಾರೆ. ಜನ ಬರುವ ತಿಂಗಳುಗಳಲ್ಲಿ ಅವರಿಗೆ ಕೈಬಿಡುವಿರಲಿಲ್ಲ. ಜನ ಬಾರದಾಗ ನನ್ನನ್ನು ಕರೆದೊಯ್ಯಲು ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ. ಹೈದರಾಬಾದಿನ ಕಡೆ ಪ್ರತ್ಯೇಕ ರಾಜ್ಯದ ಹೋರಾಟ ನಡೆದ ವರ್ಷಗಳಲ್ಲಿ ಇವತ್ತು ಬಂದ್, ನಾಳೆ ರಸ್ತೆ ತಡೆ. ನಮ್ಮ ಕಡೆಯ ಶಾಲೆಗಳು ಹೈದರಾಬಾದನ್ನೇ ಬಿಟ್ಟು ವಿಜಯಪುರ, ಹಂಪಿ ಅಂತ ಹೋದವು. ಅದು ಮುಗಿದು ಎರಡು ಮೂರು ಹಂಗಾಮು ಚೆನ್ನಾಗಿ ನಡೆಯಿತು. ಆಮೇಲೆ ಒಂದು ರಾತ್ರಿ ನೋಟು ರದ್ದಾದವು, ಅದೂ ನವೆಂಬರಿನಲ್ಲಿ, ಶಾಲೆ ಬಸ್ಸುಗಳು ಹೊರಡುವ ಹೊತ್ತಿಗೆ. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಲಾಕ್‌ಡೌನ್ ಬಂದು ಕೋಟೆಗೇ ಬೀಗ ಬಿತ್ತು. ಆಗೆಲ್ಲ ಅವರೂ ನಜೀರನೂ ಬಾಲಾನಗರದ ಒಂದು ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಕೆಲಸಕ್ಕೆ ಹೋಗುತ್ತಿದ್ದರು. ಪ್ರವಾಸ ಮತ್ತೆ ಶುರುವಾದಾಗಲೂ ಹೆಂಗಸರ ಗುಂಪುಗಳು ಮೊದಲಿನಷ್ಟು ಬರಲಿಲ್ಲ. ನಮ್ಮಲ್ಲಿ ಬಸ್ಸು ಉಚಿತವಾದ ಮೇಲೆ ಅವರು ಗಡಿಯೊಳಗಿನ ದೇವಸ್ಥಾನಗಳಿಗೇ ಹೋದರು. ಅವರಲ್ಲಿ ನಾನೂ ಒಬ್ಬಳು. ನಮ್ಮ ಓಣಿಯವರ ಜೊತೆ ಎಲ್ಲ ಕಡೆ ಹೋಗಿ ಬಂದು ಗಂಡನಿಗೆ ಪ್ರಸಾದ ಕೊಟ್ಟಿದ್ದೆ. ಅವರು ಕಣ್ಣಿಗೆ ಒತ್ತಿಕೊಂಡು, "ನಮ್ಮ ಗಿರಾಕಿನ್ನ ನೀನೇ ಕದ್ದಿ," ಅಂದು ನಕ್ಕಿದ್ದರು.

ಹನ್ನೊಂದರ ಹೊತ್ತಿಗೆ ಕೂಕಟ್‌ಪಲ್ಲಿಯಲ್ಲಿ ಇಳಿದೆ. ಮೇಲೆ ಮೆಟ್ರೋ ಓಡುತ್ತಿತ್ತು, ಕೆಳಗೆ ಅದರ ನೆರಳಿನಲ್ಲಿ ಖಾಲಿ ಆಟೋಗಳ ಸಾಲು. ಬಾಲಾನಗರದ ನಜೀರನ ಮನೆಗೆ ನೂರಾ ಇಪ್ಪತ್ತು ಕೇಳಿದ ಆಟೋದವನು ಎಂಬತ್ತಕ್ಕೆ ಒಪ್ಪಿದ. ನಾನು ಹೆಣ್ಣುಮಗಳಾಗಿ ಆಟೋ ಹತ್ತಿದ್ದು ಅವನಿಗೆ ಆಶ್ಚರ್ಯ. ತೆಲುಗು ಹಿಂದಿ ಕೂಡಿಸಿ ದಾರಿಯುದ್ದಕ್ಕೂ ಹೇಳಿದ: ಇಲ್ಲಿಯೂ ಹೆಂಗಸರಿಗೆ ಬಸ್ಸು ಉಚಿತ ಮಾಡಿದ್ದಾರೆ, ಹೆಂಡತಿ ತಂಗಿ ಎಲ್ಲರೂ ಬಸ್ಸಿನಲ್ಲಿ ಹೋಗುತ್ತಾರೆ, ತನ್ನ ಗಾಡಿಯ ಕಂತು ಮಾತ್ರ ಹಾಗೇ ಇದೆ. ನಿನ್ನ ಹೆಂಡತಿ ಹತ್ತುತ್ತಾಳಲ್ಲ ಅಂದೆ. "ಓ ತೋ ಪಹಲೇ ಚಢ್‌ತೀ," ಎಲ್ಲರಿಗಿಂತ ಮೊದಲು ಹತ್ತುವವಳೇ ಅವಳು, ಅಂದು ಅವನೇ ನಕ್ಕ.

ನಜೀರನದು ಶೆಡ್ಡುಗಳ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಶಾಹೀನ ಬಸವಕಲ್ಯಾಣದ ಕಡೆಯವಳು, ಕನ್ನಡ ಆಡುತ್ತಾಳೆ. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಳಗೆ ತಿರುಗಿ, ಒದ್ದೆ ಟವೆಲ್ಲನ್ನು ಮತ್ತೆ ಹಾಸಿಗೆಯ ಮೇಲೆ ಎಸೆದಿದ್ದಾನೆಂದು ಗಂಡನನ್ನು ಬೈದಳು. ಅವನು ಅದನ್ನೆತ್ತಿ ಹಗ್ಗಕ್ಕೆ ಹಾಕಿದ. ಬೈಯಲು ಅವಳಿಗೆ ಒಬ್ಬ ಇದ್ದಾನೆ ಅನ್ನಿಸಿತು.

ಊಟಕ್ಕೆ ಅನ್ನ, ಪುಂಡಿಪಲ್ಯ ಮಾಡಿದ್ದಳು. ಎಲ್ಲರಿಗೂ ಗಾಜಿನ ತಟ್ಟೆ ಇಟ್ಟು, ಕಪಾಟಿನ ಮೇಲಿಂದ ಒಂದು ಸ್ಟೀಲಿನ ತಾಟು ಇಳಿಸಿ ತೊಳೆದು ನನ್ನ ಮುಂದಿಟ್ಟಳು.

"ಇದು ಶಿವಣ್ಣಂದು, ಅಕ್ಕಾ. ಇದರಾಗ ಬ್ಯಾರೆ ಯಾರೂ ಉಣ್ಣಂಗಿಲ್ಲ."

ನಮ್ಮ ಮನೆಯಲ್ಲಿ ಅವರಿಗೆ ಅಂತ ಬೇರೆ ತಾಟು ಇರಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಉಣ್ಣುತ್ತಿದ್ದರು. ಆ ತಾಟಿನಲ್ಲಿ ಕಲಸಿದ ಅನ್ನ ನನಗೆ ಇಳಿಯಲಿಲ್ಲ. ಶಾಹೀನ ಅದನ್ನು ದುಃಖ ಅಂದುಕೊಂಡು ನನ್ನನ್ನು ಸಮಾಧಾನ ಮಾಡಲು ಒಂದು ಕಥೆ ಹೇಳಿದಳು. ನೋಟು ರದ್ದಾದ ವಾರ ನಮ್ಮ ಕಡೆಯ ಒಂದು ಶಾಲೆಯ ಬಸ್ಸು ಕೋಟೆ ನೋಡಿ ಹೊರಟಿತ್ತು. ಮೇಷ್ಟ್ರ ಕೈಯಲ್ಲಿದ್ದದ್ದೆಲ್ಲ ಹಳೆಯ ನೋಟು, ಊಟಕ್ಕೆ ಹೇಳಿದ್ದ ಹೋಟೆಲಿನವನು ಒಲ್ಲೆ ಅಂದುಬಿಟ್ಟ. ನಮ್ಮವರು ಬಸ್ಸನ್ನು ಈ ಗಲ್ಲಿಯ ಬಾಯಿಗೆ ತಂದು ನಿಲ್ಲಿಸಿದರು. ಅಕ್ಕಪಕ್ಕದ ಮನೆಗಳಿಂದ ಅಕ್ಕಿ ಬೇಳೆ ತಂದು ಎಲ್ಲ ಮಕ್ಕಳಿಗೂ ಖಿಚಡಿ ಮಾಡಿದರಂತೆ.

"ಶಿವಣ್ಣ ಇಲ್ಲೇ ಕುಂತು ಉಳ್ಳಾಗಡ್ಡಿ ಹೆಚ್ಚಿದ್ರು. ಕಣ್ಣಾಗ ನೀರು ಸುರೀತಿತ್ತು. ಹುಡುಗರು ನೋಡಿ ಗೈಡ್ ಅಳಾಕತ್ತಾರ ಅಂತ ನಕ್ಕಿದ್ದೇ ನಕ್ಕಿದ್ದು."

ನಮ್ಮ ಮನೆಯಲ್ಲಿ ಅವರು ಒಂದು ದಿನವೂ ಉಳ್ಳಾಗಡ್ಡಿ ಮುಟ್ಟಿದವರಲ್ಲ. ಈ ಕಥೆಯನ್ನೂ ನನಗೆ ಹೇಳಿರಲಿಲ್ಲ. ನಾನು ಅವತ್ತು ಬೀದರಿನಲ್ಲಿ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಿದ್ದೆ.

ಜೋಡಿಗೆ ಸಿಕ್ಕಿರುವವರು ಯಾರೆಂದು ಆಗ ಕೇಳಿದೆ. ನಜೀರ ಹೆಂಡತಿಯ ಕಡೆ ನೋಡಿದ. ಅವಳು ತಾಟು ತೆಗೆಯುವ ನೆಪದಲ್ಲಿ ಎದ್ದುಹೋದಳು. ಅವನೇ ನಿಧಾನವಾಗಿ ಹೇಳಿದ. ಬೇರೆ ಗಂಡಸನ್ನು ತಂದರೆ ದುಡಿಮೆಯಲ್ಲಿ ಅರ್ಧ ಅವನಿಗೆ, ಈಗ ಬರುವ ಗುಂಪುಗಳಲ್ಲಿ ಇಬ್ಬರ ಮನೆ ನಡೆಯುವುದಿಲ್ಲ. ಶಾಹೀನಳೇ ಕೆಳಗೆ ನಿಲ್ಲುತ್ತಾಳೆ, ಅವಳಿಗೆ ಬಸ್ಸಿನ ಖರ್ಚಿಲ್ಲ, ದಿನಾ ಬರಬಹುದು. ಈ ಒಂದು ವರ್ಷ ತಾನು ಬೇರೆ ಜೋಡಿಗಳ ಹಿಂದೆ ನಿಂತು, ಅವರ ಚಪ್ಪಾಳೆಯನ್ನೇ ತನ್ನ ಗುಂಪಿಗೂ ಕೇಳಿಸಿದ್ದಾಯಿತು. ಯಾವ ಮೇಷ್ಟ್ರೂ ಎರಡನೇ ಸಲ ಕರೆಯುವುದಿಲ್ಲ.

"ನೀವು ಒಲ್ಲೆ ಅಂದ್ರ ನಂದೇನೂ ತಕರಾರಿಲ್ಲ ವೈನಿ. ನಾಳಿಂದ ಶೆಡ್ಡಿಗೆ ಹೋಗ್ತೀನಿ. ಶಿವಣ್ಣನ ಜಾಗ, ನಿಮ್ಮ ಮಾತು."

ನಾಳೆ ಕೋಟೆಯಲ್ಲೇ ಹೇಳುತ್ತೇನೆ ಅಂದೆ. ಬೇರೆ ಯಾರ ಹೆಸರು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಗಂಡ ಗುಡ್ಡದ ಮೇಲೆ, ಹೆಂಡತಿ ಕೆಳಗೆ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ. ಅದು ನನ್ನದಾಗಬಹುದಿತ್ತು. ನನಗೆ ಅಂಥದೊಂದು ಹೊಳೆಯಲೂ ಇಲ್ಲ, ಅವರೂ ಕರೆಯಲಿಲ್ಲ.

ಮರುದಿನ ನಸುಕಿನಲ್ಲೇ ನಜೀರ ಕೋಟೆಗೆ ಹೊರಟುಹೋದ. ನಾನೂ ಶಾಹೀನಳೂ ಎಂಟರ ಬಸ್ಸು ಹಿಡಿದೆವು. ಅವಳು ಆಧಾರ್ ಕಾರ್ಡು ತೋರಿಸಿದಳು, ಕಂಡಕ್ಟರ್ ದುಡ್ಡಿಲ್ಲದ ಸೊನ್ನೆ ಟಿಕೆಟ್ ಹರಿದು ಕೊಟ್ಟಳು. ನನ್ನದು ಕರ್ನಾಟಕದ್ದು, ದುಡ್ಡು ಕೊಟ್ಟೆ. ಶಾಹೀನ ತನ್ನ ಸೊನ್ನೆ ಟಿಕೆಟನ್ನು ಮಡಚಿ ಬಳೆಯೊಳಗೆ ಸಿಕ್ಕಿಸಿಕೊಂಡಳು, ಕಳೆದರೆ ತಪಾಸಣೆಯವರು ಬಿಡುವುದಿಲ್ಲವಂತೆ. ಮೆಹದಿಪಟ್ನದಲ್ಲಿ ಬಸ್ಸು ಬದಲಿಸಿ, ಕೋಟೆಯ ಹೊರಬಾಗಿಲಿನ ಸಂದಿಯಲ್ಲಿ ಬಸ್ಸು ನುಸುಳಿ ಒಳಗೆ ಬಂದಾಗ ಒಂಬತ್ತೂವರೆ.

ಒಳಬಾಗಿಲ ಮುಂದೆ ಬೇವಿನ ಮರದಡಿ ಏಳೆಂಟು ಗೈಡುಗಳು ಕೂತಿದ್ದರು. ನಾನು ಯಾರೆಂದು ತಿಳಿದ ಕೂಡಲೇ ಎಲ್ಲರೂ ಎದ್ದು ನಿಂತರು. ಗುಮ್ಮಟದ ಕೆಳಗೆ ನೆಲದ ಒಂದು ಕಲ್ಲನ್ನು ನಜೀರ ತೋರಿಸಿದ. ಶಿವಣ್ಣ ಇಲ್ಲೇ ನಿಂತು ತಟ್ಟುತ್ತಿದ್ದರು, ಎರಡು ಹೆಜ್ಜೆ ಆಚೆ ನಿಂತರೆ ಸದ್ದು ಏರುವುದಿಲ್ಲ. ಎರಡು ಚಪ್ಪಾಳೆ ಒಟ್ಟಿಗೆ, ಸ್ವಲ್ಪ ಬಿಟ್ಟು ಇನ್ನೊಂದು. ಮೇಲಿಂದ ನಜೀರ ಕೆಂಪು ಟವೆಲ್ ಬೀಸಿದರೆ ಕೇಳಿತು ಅಂತ ಅರ್ಥ. ತಟ್ಟುವವನಿಗೆ ಮೇಲಿನ ಜನರ ಖುಷಿ ಕೇಳುವುದಿಲ್ಲ. ಹೊರಗೆ ಓಡಿಬಂದು ಕತ್ತೆತ್ತಿ ಟವೆಲ್ ನೋಡಬೇಕು ಅಷ್ಟೇ.

ಆ ಎರಡು ಮತ್ತು ಒಂದು ನನಗೆ ಗೊತ್ತಿತ್ತು. ವಾರಕ್ಕೊಮ್ಮೆ ಮನೆಗೆ ಬಂದಾಗ ಅವರು ಬಾಗಿಲು ಬಡಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೀಗೇ ತಟ್ಟುತ್ತಿದ್ದರು. ಅದು ನನಗಾಗಿ ಮಾಡಿಕೊಂಡದ್ದು ಅಂತ ತಿಳಿದಿದ್ದೆ. ಇಲ್ಲಿ ನೋಡಿದರೆ ಕೋಟೆಯ ಗೈಡುಗಳಿಗೆಲ್ಲ ಗೊತ್ತು. ಆ ಮೂರನೆಯದು ಯಾಕೆ ಎಂದು ನಜೀರನನ್ನು ಕೇಳಿದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಯಿತು.

ನಜೀರ ಹೇಳಿದ. "ಮೊದಲಿನ ಎರಡು ಮಂದಿಗಿ. ಮೂರನೇದು ನನಗ. ಚಹಾ ಹೇಳೀನಿ, ಮಾತು ಸಾಕು, ಜಲ್ದಿ ಇಳಿ ಅಂತ. ನಾ ಮ್ಯಾಲೆ ರಾಜರ ಕಥಿ ಉದ್ದ ಮಾಡ್ತಿದ್ನಿ ನೋಡ್ರಿ, ಅವರಿಗೆ ಚಹಾದ ಚಟ."

ಗೈಡುಗಳು ನಕ್ಕರು. ನನಗೂ ನಗು ಬಂತು, ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅಂಗಳದಲ್ಲಿ ಮೂರನೆಯದು ಕೇಳಿದಾಗಲೆಲ್ಲ ನಾನು ಬಾಗಿಲು ತೆಗೆಯುವ ಮೊದಲು ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದೆ. ಇಡು ಅಂತ ಅವರು ಹೇಳಿದ್ದೇ ಇಲ್ಲ. ಇವನಿಗೆ ಅರ್ಥ ಹೇಳಿಕೊಟ್ಟಿದ್ದರು, ನನಗೆ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನ ಕಡೆಯ ಒಂದು ಶಾಲೆಯ ಬಸ್ಸು ಬಂದು ನಿಂತಿತು. ಮಕ್ಕಳು ಸಾಲು ಮುರಿದು ಒಳಗೆ ನುಗ್ಗಿದರು, ಮೇಷ್ಟ್ರು ಕನ್ನಡದ ಗೈಡ್ ಯಾರು ಎಂದು ಕೂಗಿ ಕೇಳಿದರು. ನಜೀರ ಹೋಗಲಿಲ್ಲ. ಟವೆಲ್ಲನ್ನು ನಾಲ್ಕಾಗಿ ಮಡಚಿ ಕೈಯಲ್ಲಿ ಹಿಡಿದು ನನ್ನ ಕಡೆ ನೋಡುತ್ತ ನಿಂತ. ಇನ್ನೊಂದು ಜೋಡಿಯವರು ಮೇಷ್ಟ್ರ ಕಡೆ ಹೆಜ್ಜೆ ಇಟ್ಟವರು, ಅವನನ್ನು ನೋಡಿ ತಡೆದರು. ಶಾಹೀನ ಕಂಬದ ಮರೆಯಲ್ಲಿ ಬುರ್ಖಾದ ತೋಳು ಮಡಚಿಕೊಂಡು, ಕಲ್ಲಿನಿಂದ ದೂರವೇ ನಿಂತಿದ್ದಳು.

ಬೇಡ ಅನ್ನುವ ಮಾತು ಬಾಯಲ್ಲೇ ಇತ್ತು. ಅಂದಿದ್ದರೆ ಇಬ್ಬರೂ ತಲೆ ಬಾಗಿಸಿ ಹೋಗುತ್ತಿದ್ದರು, ನಜೀರ ನಾಳೆ ಕಬ್ಬಿಣ ಉಜ್ಜುತ್ತಿದ್ದ. ಅವನ ಕೈ ಮೇಲೆ ಹಳೆಯ ಕಿಡಿಯ ಕಲೆಗಳಿದ್ದವು. ನಮ್ಮವರ ಕೈಯಲ್ಲೂ ಅಂಥವೇ ಇದ್ದವು. ಶಾಹೀನಳನ್ನು ಹತ್ತಿರ ಕರೆದು ಆ ಕಲ್ಲಿನ ಮೇಲೆ ನಿಲ್ಲಿಸಿದೆ.

"ಎರಡು ತಟ್ಟವ್ವ," ಅಂದೆ. "ಮೂರನೇದು ತಟ್ಟಬ್ಯಾಡ. ಅದು ನಾ ಕೊಡಂಗಿಲ್ಲ."

ಅವಳು ಆಗಲಿ ಎಂದು ತಲೆಯಾಡಿಸಿದಳು.

ನಾನು ಮಕ್ಕಳ ಜೊತೆ ಏರಿದೆ. ಮೆಟ್ಟಿಲು ಎತ್ತರ, ಎರಡು ಕಡೆ ಕೂತು ಉಸಿರು ತೆಗೆದುಕೊಂಡೆ. ತುದಿಯಲ್ಲಿ ಗಾಳಿ ಜೋರಾಗಿತ್ತು, ಕೆಳಗೆ ಊರೆಲ್ಲ ಮಸುಕು. ನಜೀರ ಮಕ್ಕಳನ್ನು ಸುಮ್ಮನಾಗಿಸಿದ. ಎರಡು ಚಪ್ಪಾಳೆ ಬಂತು, ಪಕ್ಕದ ಕೋಣೆಯಿಂದ ಬಂದ ಹಾಗೆ. ಮಕ್ಕಳು ಕೇಕೆ ಹಾಕಿದರು. ನಜೀರ ಟವೆಲ್ ಬೀಸಿದ. ಬೀಸಿದ ಮೇಲೂ ಕೈ ಇಳಿಸದೆ ನಿಂತ. ನಾನೂ ನಿಂತೆ. ಗಾಳಿ ಬಿಟ್ಟರೆ ಬೇರೇನೂ ಕೇಳಲಿಲ್ಲ. ಕಡೆಗೆ ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮಕ್ಕಳಿಗೆ ರಾಜರ ಕಥೆ ಶುರು ಮಾಡಿದ. ಬಹಳ ಉದ್ದ ಹೇಳಿದ. ಇಳಿ ಅನ್ನುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ಇರಾನಿ ಚಹಾ ಕುಡಿದು ಹೊರಟೆ. ಶಾಹೀನ ಆ ಸ್ಟೀಲಿನ ತಾಟನ್ನು ಬೆಳಿಗ್ಗೆಯೇ ಪೇಪರಿನಲ್ಲಿ ಸುತ್ತಿ ತಂದಿದ್ದಳು, ನನ್ನ ಚೀಲಕ್ಕೆ ಹಾಕಿದಳು. ತೆಗೆದುಕೊಂಡೆ, ಬೇಡ ಅನ್ನಲಿಲ್ಲ. ಬಾಗಿಲ ಹೊರಗೆ ಮೆಹದಿಪಟ್ನದ ಬಸ್ಸು ತಿರುಗಿ ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಾಗ ಹಿಂದಿನಿಂದ ಗುಮ್ಮಟದೊಳಗೆ ಎರಡು ಚಪ್ಪಾಳೆ ಕೇಳಿದವು, ಇನ್ನೊಂದು ಗುಂಪು ಮೇಲೆ ತಲುಪಿರಬೇಕು. ತಿರುಗಿ ನೋಡಿದೆ. ಶಾಹೀನ ಹೊರಗೆ ಓಡಿಬಂದು ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ತುದಿ ನೋಡುತ್ತಿದ್ದಳು. ಮೂರನೆಯದು ಬೇಡ ಅಂದವಳು ನಾನೇ. ಆದರೂ ಡ್ರೈವರ್ ಹಾರ್ನ್ ಹೊಡೆಯುವ ತನಕ ಅದಕ್ಕಾಗಿ ಕಾಯುತ್ತ ಅಲ್ಲೇ ನಿಂತಿದ್ದೆ.