ಪಿಜ್ಜಾ ತಿಂಡಿಯೋ ಊಟವೋ

ಆಗೆಲ್ಲ ನಮಗೆ ಪಿಜ್ಜಾ ಎಂದರೆ ಟಿ.ವಿ. ಜಾಹೀರಾತಿನಲ್ಲಿ ನೂಲು ನೂಲಾಗಿ ಎಳೆಯುವ ಒಂದು ವಸ್ತು, ಅಷ್ಟೆ. ನಮ್ಮ ಕಡೆಯವರೂ ಅದನ್ನು ತಿನ್ನಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಒಂದು ಪಿಜ್ಜಾ ಅಂಗಡಿ ತೆರೆದಾಗ ನಾನು ನಾಲ್ಕನೇ ಕ್ಲಾಸು. ಅಲ್ಲಿಗೆ ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಬ್ಬರು ರೊಟ್ಟಿ ಎಂದರು, ಇನ್ನೊಬ್ಬರು ಬನ್ನು ಎಂದರು, ಪಕ್ಕದ ಮನೆಯವರು ಬೇಯದ ಹಿಟ್ಟು ಎಂದು ಮುಖ ಸಿಂಡರಿಸಿದರು. ಯಾರನ್ನು ನಂಬಬೇಕೆಂದು ನನಗೆ ತಿಳಿಯಲಿಲ್ಲ. ತಿನ್ನಬೇಕು ಎಂಬುದು ಮಾತ್ರ ತಿಳಿದಿತ್ತು.

ಅದಕ್ಕೆ ದಾರಿಯಾದವಳು ಅಪ್ಪನ ತಂಗಿ ಸುಮತ್ತೆ. ಅವಳಿಗೆ ಸುಳ್ಯದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆಲೆಟ್ಟಿಯ ನಮ್ಮ ಮನೆಯಲ್ಲಿ ನನಗೆ ಜಡೆ ಹಾಕುವವಳು, ನನ್ನ ಪಕ್ಕ ಮಲಗುವವಳು, ಲೆಕ್ಕ ತಪ್ಪಿದರೆ ಅಮ್ಮನಿಗೆ ಹೇಳದೆ ತಿದ್ದಿಸುವವಳು ಎಲ್ಲ ಅವಳೇ. ಅವಳನ್ನು ನೋಡಲು ಆಗಾಗ ಗಂಡಿನ ಕಡೆಯವರು ಬರುತ್ತಿದ್ದರು. ಅಮ್ಮ ಮಾಡಿದ ಸಜ್ಜಿಗೆ ತಿಂದು, ಕಾಫಿ ಕುಡಿದು, "ತಿಳಿಸ್ತೇವೆ" ಎಂದು ಎದ್ದು ಹೋಗುತ್ತಿದ್ದರು. ಆಮೇಲೆ ಸುದ್ದಿಯೇ ಇಲ್ಲ.

ಹೆಣ್ಣು ನೋಡಲು ಬಂದವರಿಗೆ ನಮ್ಮ ಮನೆಯಲ್ಲಿ ತಿಂಡಿ, ಕಾಫಿ ಮಾತ್ರ. ಊಟ ಹಾಕುವ ಕ್ರಮವಿಲ್ಲ, ಬಂದವರೂ ಉಣ್ಣುವುದಿಲ್ಲ. ಉಂಡರೆ ಎರಡೂ ಕಡೆಯವರು ಒಪ್ಪಿದ ಹಾಗೆ. ಈ ವಿಷಯದಲ್ಲಿ ನನ್ನ ಅಜ್ಜಿ, ಅಂದರೆ ಸುಮತ್ತೆಯ ಅಮ್ಮ, ಭಾರೀ ಬಿಗಿ. ಒಮ್ಮೆ ಬಸ್ಸು ತಪ್ಪಿ ಮಧ್ಯಾಹ್ನದವರೆಗೆ ಕೂತ ಗಂಡಿನ ಕಡೆಯವರಿಗೆ ಮತ್ತೆ ಮತ್ತೆ ಅವಲಕ್ಕಿಯನ್ನೇ ಕಲಸಿ ಕೊಡಿಸಿದ್ದರು.

ಕೊನೆಗೊಂದು ದಿನ ಸುಮತ್ತೆ ಹಟ ಹಿಡಿದಳು.

"ಇನ್ನು ಟ್ರೇ ಹಿಡ್ಕೊಂಡು ಬರ್ಲಿಕ್ಕೆ ನನ್ನಿಂದಾಗುದಿಲ್ಲ. ನೋಡ್ಲಿಕ್ಕುಂಟಾದ್ರೆ ಹೊರಗೆ ಎಲ್ಲಾದ್ರೂ ನೋಡ್ಲಿ. ನಾನೂ ನೋಡ್ತೇನೆ."

ಆಗ ಬಂದಿದ್ದ ಸಂಬಂಧ ಕಡಬದ್ದು. ಹುಡುಗನ ಹೆಸರು ಹರೀಶ, ಅಲ್ಲೇ ಒಂದು ಬ್ಯಾಟರಿ ಅಂಗಡಿ. ಇಬ್ಬರಿಗೂ ಪುತ್ತೂರು ಅನುಕೂಲ, ಸಂಜೆ ಪಿಜ್ಜಾ ಅಂಗಡಿಗೆ ಬರಲಿ ಎಂದು ಅವನೇ ಹೇಳಿ ಕಳುಹಿಸಿದ. ಅಪ್ಪನಿಗೆ ಅದು ಸರಿ ಕಾಣಲಿಲ್ಲ. ಅಜ್ಜಿ ಮಾತ್ರ, "ನಾನು ಹೋಗ್ತೇನೆ. ನಾನಿಲ್ಲದೆ ಎಂತ ನೋಡುದು?" ಎಂದು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದರು. ನಾನು ಅತ್ತು ಕರೆದು ಜೊತೆಗೆ ಸೇರಿಕೊಂಡೆ.

ಬಸ್ಸು ಹತ್ತಿದ ಮೇಲೆ ನನಗೆ ಗಲಿಬಿಲಿ ಶುರುವಾಯಿತು. ಹುಡುಗ ಒಳ್ಳೆಯವನಾದರೆ ಸುಮತ್ತೆಯನ್ನು ಕರೆದುಕೊಂಡು ಹೋಗುತ್ತಾನೆ. ಕೆಟ್ಟವನಾದರೆ ಅಜ್ಜಿ ತಿನ್ನುವ ಮೊದಲೇ ಎಬ್ಬಿಸಿಕೊಂಡು ಬರಬಹುದು. ಕುಂಬ್ರ ದಾಟುವಾಗ ಕಣ್ಣು ಮುಚ್ಚಿ ಬೇಡಿಕೊಂಡೆ: ಹುಡುಗ ಪಿಜ್ಜಾ ತಿನ್ನಿಸುವಷ್ಟು ಒಳ್ಳೆಯವನಾಗಿರಲಿ, ಅತ್ತೆಯನ್ನು ಕರೆದುಕೊಂಡು ಹೋಗುವಷ್ಟು ಒಳ್ಳೆಯವನಾಗದಿರಲಿ.

ಅಂಗಡಿಯ ಮೆಟ್ಟಿಲಲ್ಲೇ ಸುಟ್ಟ ಹಿಟ್ಟಿನ, ಬೆಣ್ಣೆಯ ಪರಿಮಳ ಬರುತ್ತಿತ್ತು. ಹರೀಶ ಮತ್ತು ಅವನ ಅಮ್ಮ ಮೊದಲೇ ಬಂದು ಕೂತಿದ್ದರು. ಅವನು ಬಹಳ ತಿಳಿದವನ ಹಾಗೆ ಜೋಳದ್ದೊಂದು ಪಿಜ್ಜಾ ಹೇಳಿದ. ಅಜ್ಜಿ ಮೇಜಿನ ಮೇಲಿದ್ದ ಒಣ ಸೊಪ್ಪಿನ ಪುಡಿಯ ಸಣ್ಣ ಪೊಟ್ಟಣವೊಂದನ್ನು ಹರಿದು ಮೂಸಿದರು.

"ಇದು ನಮ್ಮ ಸಾಂಬ್ರಾಣಿ ಸೊಪ್ಪು ಮಾರಾಯ್ತಿ! ಮಕ್ಕಳಿಗೆ ಶೀತ ಆದ್ರೆ ಕೊಡುದು. ಇದನ್ನು ಇಲ್ಲಿ ಯಾಕೆ ಇಟ್ಟಿದ್ದಾರೆ?"

ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಂಗಡಿ ನಡೆಸುವ ಹೆಂಗಸು ಪಿಜ್ಜಾ ತಂದಿಟ್ಟಳು. ಕಾವಲಿಯಷ್ಟು ಅಗಲ, ಮೇಲೆ ಬೆಣ್ಣೆಬಣ್ಣದ ಚೀಸು ಇನ್ನೂ ಗುಳ್ಳೆ ಏಳುತ್ತಿತ್ತು. ನಾನು ಕೈ ಚಾಚಿದೆ. ಅಜ್ಜಿ ಕೈ ಹಿಡಿದರು.

"ಇದು ತಿಂಡಿಯಾ ಊಟವಾ, ಮಗಾ?" ಎಂದು ಆ ಹೆಂಗಸನ್ನು ಕೇಳಿದರು.

"ಎರಡಕ್ಕೂ ಆಗ್ತದೆ ಅಜ್ಜಿ," ಎಂದು ಅವಳು ನಕ್ಕು ಒಳಗೆ ಹೋದಳು.

ಅಜ್ಜಿಯ ಮುಖ ಸಣ್ಣದಾಯಿತು. ಹುಡುಗನ ಅಮ್ಮ ಮುಂದೆ ಬಾಗಿ, "ನನಗೂ ಅದೇ ಸಂಶಯ. ಮಾತು ಮುಂದೆ ಹೋಗದೆ ಊಟ ಮಾಡುದು ಹೇಗೆ?" ಎಂದರು. ಅವರಿಗೂ ನಮ್ಮ ಹಾಗೆಯೇ ಕ್ರಮವಿದೆ ಎಂದು ಅಜ್ಜಿಗೆ ಸಮಾಧಾನವೂ ಆಯಿತು, ಕಷ್ಟವೂ ಆಯಿತು. ಇಬ್ಬರೂ ಕೈಗಳನ್ನು ಮಡಿಲಲ್ಲಿಟ್ಟು ಪಿಜ್ಜಾವನ್ನೇ ನೋಡುತ್ತ ಕೂತರು. ಗುಳ್ಳೆಗಳು ನಿಂತವು. ಚೀಸು ಗಟ್ಟಿಯಾಗತೊಡಗಿತು. ತಿನ್ನಲೆಂದೇ ಮಾಡಿದ್ದನ್ನು ತಿನ್ನಲು ಇಷ್ಟು ಯೋಚನೆ ಯಾಕೆಂದು ನನಗೆ ಅರ್ಥವಾಗಲಿಲ್ಲ. ಸುಮತ್ತೆ ಕಿಟಕಿಯ ಕಡೆ ತಿರುಗಿದ್ದಳು. ಇದೂ ಮುಗಿಯಿತು ಎಂಬಂತಿತ್ತು ಅವಳ ಮುಖ.

ನೀರು ತಂದ ಹೆಂಗಸು, ಮುಟ್ಟದ ಪಿಜ್ಜಾ ನೋಡಿ ಹರೀಶನಿಗೆ ಹೇಳಿದಳು: "ಎಂತ ಅಣ್ಣ, ಹಿಡಿಯುದು ಹೇಗೆ ಅಂತ ಇವತ್ತೂ ಹೇಳಿಕೊಡ್ಬೇಕಾ? ಮೊನ್ನೆ ಅಂಗಿಗೆಲ್ಲ ಬೀಳಿಸಿಕೊಂಡ್ರಲ್ಲ."

ಹರೀಶನ ಕಿವಿ ಕೆಂಪಾಯಿತು.

"ಮೊನ್ನೆ ಬ್ಯಾಟರಿ ತರ್ಲಿಕ್ಕೆ ಪುತ್ತೂರಿಗೆ ಹೋದದ್ದು ಅಂತ ಹೇಳಿದಿಯಲ್ಲ?" ಎಂದರು ಅವನ ಅಮ್ಮ.

"ಅಲ್ಲ, ಅದು..." ಅವನು ಸುಮತ್ತೆಯ ಕಡೆ ನೋಡಿದ. "ನಾನೂ ತಿಂದು ಗೊತ್ತಿಲ್ಲ. ಇವರ ಎದುರು ಮರ್ಯಾದೆ ಹೋಗುದು ಬೇಡ ಅಂತ, ಒಂದ್ಸಲ ಬಂದು ಅಭ್ಯಾಸ ಮಾಡಿ ಹೋದದ್ದು."

ಸುಮತ್ತೆ ನಕ್ಕಳು. ಸಣ್ಣ ನಗೆಯಲ್ಲ, ರಾತ್ರಿ ನನ್ನ ಜೊತೆ ಹೊದಿಕೆಯೊಳಗೆ ನಗುವ ನಗೆ. ಹೆಣ್ಣು ನೋಡಲು ಬಂದವರ ಎದುರು ಅವಳು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಅವಳು ಒಂದು ತುಂಡನ್ನು ನನ್ನ ತಟ್ಟೆಗಿಟ್ಟಳು, ಒಂದನ್ನು ಅವನ ತಟ್ಟೆಗಿಟ್ಟಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಅಮ್ಮ, ಊಟ ಅಂತಲೇ ತಿನ್ನುವ."

ಅಜ್ಜಿ ಅವಳ ಮುಖವನ್ನೇ ನೋಡಿದರು. ಅವಳೇನೋ ತಪ್ಪು ಹೇಳಿದಳೆಂದು ನನಗೆ ಹೆದರಿಕೆಯಾಯಿತು.

"ಯೋಚಿಸಿ ಹೇಳಿದ್ದಾ ಸುಮಾ?"

"ಹೌದಮ್ಮ."

"ನನ್ನದೂ ಊಟವೇ," ಎಂದ ಹರೀಶ, ತಲೆ ಎತ್ತದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗನ ಅಮ್ಮ ಅಜ್ಜಿಯ ತಟ್ಟೆಗೆ ತಾವೇ ಒಂದು ತುಂಡು ಹಾಕಿದರು. ಇದ್ದ ನಾಲ್ಕು ಹಲ್ಲಿನಲ್ಲಿ ಅಜ್ಜಿ ಅದರ ಗಟ್ಟಿ ಅಂಚನ್ನೂ ಬಿಡದೆ ಅಗಿದು ನುಂಗಿದರು. ನನಗೆ ಯಾರ ಮುಖ ನೋಡಿದರೂ ಏನೂ ತಿಳಿಯಲಿಲ್ಲ. ಆರಿದ ಚೀಸು ರಬ್ಬರಿನ ಹಾಗಿತ್ತು. ಆದರೂ ಅಷ್ಟು ರುಚಿಯಾದದ್ದನ್ನು ನಾನು ತಿಂದಿರಲಿಲ್ಲ.

ಮನೆಗೆ ಬರುವಾಗ ಕತ್ತಲಾಗಿತ್ತು, ನನಗೆ ಮತ್ತೆ ಹಸಿವಾಗಿತ್ತು. ಅಮ್ಮ ಕುಚ್ಚಲಕ್ಕಿ ಅನ್ನ ಬಡಿಸಿದಳು. ಅಜ್ಜಿ ತಟ್ಟೆಗೆ ಕೈ ಅಡ್ಡ ಹಿಡಿದರು.

"ಮುಟ್ಬೇಡ! ಈಗ ಅನ್ನ ಉಂಡ್ರೆ ಅಲ್ಲಿ ತಿಂದದ್ದು ತಿಂಡಿ ಆಗ್ತದೆ."

"ಮಗುವಿಗೆ ಎಂತ ಗೊತ್ತಾಗ್ತದೆ ಅತ್ತೆ?" ಎಂದಳು ಅಮ್ಮ.

"ಬಾಳೆಹಣ್ಣು ಕೊಡು. ಹಣ್ಣು ಊಟಕ್ಕೆ ಸೇರುದಿಲ್ಲ."

ಗಂಜಿ ಇಲ್ಲದೆ ಒಂದು ರಾತ್ರಿಯೂ ಮಲಗದ ಅಜ್ಜಿ ಆ ದಿನ ಒಂದು ಲೋಟ ನೀರು ಕುಡಿದು ಚಾಪೆ ಹಾಸಿಕೊಂಡರು. ಆಗ ನನಗೆ ಸ್ವಲ್ಪ ಸ್ವಲ್ಪ ಹೊಳೆಯತೊಡಗಿತು. "ನೀನು ಹೋಗ್ತಿಯಾ?" ಎಂದು ಸುಮತ್ತೆಯನ್ನು ಕೇಳಿದೆ. "ಹ್ಞೂಂ," ಎಂದಳು. ನನಗೆ ಅಳು ಬಂತು. ಹಸಿವಿಗೆ ಬಂತೋ, ಅವಳು ಹೋಗುತ್ತಾಳೆಂದು ಬಂತೋ, ಅಷ್ಟು ಆಸೆಯಿಂದ ತಿಂದದ್ದೇ ಅವಳನ್ನು ಕಳುಹಿಸುವ ಊಟವಾಯಿತಲ್ಲ ಎಂದು ಬಂತೋ, ಇವತ್ತಿಗೂ ಗೊತ್ತಿಲ್ಲ.

ಈಗ ಆ ಮಾಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಕಡಬದಲ್ಲಿ ಸುಮತ್ತೆಯ ಮಕ್ಕಳು ಪಿಜ್ಜಾ ತರಿಸಿ, ಫೋನು ನೋಡುತ್ತ ತಿಂದು, ಆಮೇಲೆ ಅನ್ನವನ್ನೂ ಉಣ್ಣುತ್ತಾರೆ. ತಿಂಡಿಯಾ ಊಟವಾ ಎಂದು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದ ಅಜ್ಜಿ ಹೋಗಿ ವರ್ಷಗಳಾದವು. ಒಂದು ತುತ್ತಿಗೆ ಅಷ್ಟು ತೂಕವಿದ್ದದ್ದು ಅವರೊಂದಿಗೇ ಹೋಯಿತೆಂದು ನನಗೆ ನಿಜವಾಗಿಯೂ ಬೇಸರವಿದೆ.

ಕಳೆದ ತಿಂಗಳು ಪುತ್ತೂರಿನ ಇನ್ನೊಂದು ಪಿಜ್ಜಾ ಅಂಗಡಿಯಲ್ಲಿ ಒಬ್ಬರ ಎದುರು ಕೂತಿದ್ದೆ. ಕೆಲವು ಸಮಯದಿಂದ ಗೊತ್ತಿರುವವರು. ಮದುವೆಯ ಮಾತು ಎತ್ತಿದರು. ನನಗೆ ಹೌದೆನ್ನಲೂ ಗೊತ್ತಾಗಲಿಲ್ಲ, ಇಲ್ಲವೆನ್ನಲೂ ಗೊತ್ತಾಗಲಿಲ್ಲ. "ತಿಳಿಸ್ತೇನೆ," ಎಂದು ಬಸ್ಸು ಹತ್ತಿದೆ.

ಮನೆ ತಲುಪಿದಾಗ ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆದು, "ಬಡಿಸ್ಲಾ?" ಎಂದಳು. ಹಸಿವಿತ್ತು. ಅಡಿಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ.

"ಬೇಡಮ್ಮ. ನನ್ನ ಊಟ ಆಗಿದೆ."

"ಎಂತ ಉಂಡದ್ದು?"

"ಪಿಜ್ಜಾ."

"ಅದೂ ಒಂದು ಊಟವಾ ಮಾರಾಯ್ತಿ!" ಎನ್ನುತ್ತ ಅಮ್ಮ ಅನ್ನವನ್ನು ಫ್ರಿಜ್ಜಿಗಿಟ್ಟು, ದೀಪ ಆರಿಸಿ ಹೋದಳು. ಅಜ್ಜಿ ಇದ್ದಿದ್ದರೆ ಅಷ್ಟರಲ್ಲಿ, ಹುಡುಗನ ಊರು ಯಾವುದು ಎಂದು ಕೇಳುತ್ತಿದ್ದರು.