ಬಸ್ಸಿನ ಮಂದಿ ಉಗುರು ಒತ್ತಿದ ಕುಂಬಳಕಾಯಿ

ಕುಂಬಳಕಾಯಿ ಆರಿಸುವುದು ಬ್ರಹ್ಮವಿದ್ಯೆಯೇನಲ್ಲ. ಗಾರಿಗೆ ಮಾಡಬೇಕಾದರೆ ಬಲಿತದ್ದು ಬೇಕು: ತೊಟ್ಟು ಒಣಗಿರಬೇಕು, ಕೈಗೆ ಭಾರ ಅನ್ನಿಸಬೇಕು, ಸಿಪ್ಪೆಗೆ ಉಗುರು ಒತ್ತಿದರೆ ಇಳಿಯಬಾರದು. ಇಷ್ಟನ್ನೂ ನನ್ನ ಗಂಡನಿಗೆ ಹಿತ್ತಲಿನ ಬಾವಿಯ ಹತ್ತಿರ ಪಿಸುದನಿಯಲ್ಲಿ ಹೇಳಿ ಕಳಿಸಿದ್ದೆ. ಅವರು ಸೇಡಂನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕಿದ್ದರು. ಎರಡು ಬೆರಳಲ್ಲಿ ತಿಕ್ಕಿ ಬಟ್ಟೆಯ ಜಾತಕ ಹೇಳುವವನಿಗೆ ಕುಂಬಳಕಾಯಿ ಯಾವ ಲೆಕ್ಕ ಎಂದು ನಕ್ಕು, ಅಂಗಡಿಯ ಕೆಲಸದ ಮೇಲೆ ಚಿಂಚೋಳಿ ಬಸ್ಸು ಹತ್ತಿದರು.

ಪಿಸುದನಿ ಯಾಕೆಂದರೆ, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಆ ಹೊಸತರಲ್ಲೂ ನಮ್ಮ ಮನೆಯಲ್ಲಿ ಸೊಸೆಯಾದವಳು ಅತ್ತೆಯ ಎದುರು ಗಂಡನ ಜೊತೆ ಮಾತಾಡುವಂತಿರಲಿಲ್ಲ. ಅವರೂ ಅಷ್ಟೇ, ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ನನಗಾಗ ಐದು ತಿಂಗಳು. ಶಹಾಬಾದಿನ ತವರಲ್ಲಿ ನಮ್ಮವ್ವ ಬೆಲ್ಲ ಹಾಕಿ ಕರಿಯುತ್ತಿದ್ದ ಕುಂಬಳಕಾಯಿ ಗಾರಿಗೆಯ ಬಯಕೆ ಹತ್ತಿ, ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆಗೆ ಹೇಳಲು ನಾಚಿಕೆ.

ಸಂಜೆ ಅವರು ಕಾಯಿಯನ್ನು ಟವೆಲಿನಲ್ಲಿ ಸುತ್ತಿ, ಮುಖ ಊದಿಸಿಕೊಂಡು ಬಂದರು. ಅಗ್ಗಕ್ಕೆ ಸಿಕ್ಕಿತು, ಅದಕ್ಕೇ ತಂದಿದ್ದೇನೆ ಎಂದು ಅತ್ತೆಗೆ ಸುಳ್ಳು ಹೇಳಿ, ಬಸ್ಸಿನ ಮಂದಿಯ ಮೇಲೆ ದೂರು ತೆಗೆದರು. ಕಾಯಿ ತೊಡೆಯ ಮೇಲಿಟ್ಟುಕೊಂಡದ್ದೇ ತಪ್ಪಾಯಿತಂತೆ. ಪಕ್ಕದ ಮುದುಕ ಬಡಿದು ಕಿವಿಗೊಟ್ಟು ಕೇಳಿದನಂತೆ. ಹಿಂದಿನ ಸೀಟಿನ ಹೆಂಗಸು ತೆಲುಗಿನಲ್ಲಿ ಏನೋ ಗೊಣಗಿ ಉಗುರು ಒತ್ತಿದಳಂತೆ. ಅದನ್ನು ಕಂಡು ಮುಂದಿನವರು, ಆಚೆಯವರು, ಕೊನೆಗೆ ಟಿಕೆಟ್ ಹರಿಯುವುದು ಬಿಟ್ಟು ಕಂಡಕ್ಟರೂ ಒತ್ತಿದನಂತೆ. ಚಂದದ ಕಾಯಿ ಹಾಳು ಮಾಡಿದರು ಎಂದು ನಿಟ್ಟುಸಿರು ಬಿಟ್ಟರು.

ಅತ್ತೆ ಟವೆಲ್ ಬಿಚ್ಚಿದರು. ಕಾಯಿಯ ಮೈತುಂಬ ಉಗುರಿನ ಗುರುತು.

"ಅವರು ಹಾಳು ಮಾಡಿಲ್ಲೋ ತಮ್ಮಾ. ಇಷ್ಟು ಉಗುರು ಇಳದಾವ ಅಂದ್ರ ಕಾಯಿ ಎಳೀದದ. ಬಸ್ಸಿನ ಮಂದಿಗೆಲ್ಲ ತಿಳದದ, ನಿನಗೊಬ್ಬಾಂವಗ ತಿಳದಿಲ್ಲ."

ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಹೋಳು ಗಂಡಸೇ ಮಾಡಬೇಕು. ಅವರು ಈಳಿಗೆಗೆ ಇಟ್ಟು ಒಡೆದರು. ಒಳಗೆ ಬೆಳ್ಳಗೆ ಬಿಳಿಚಿಕೊಂಡಿತ್ತು, ಬೀಜವೂ ಕಟ್ಟಿರಲಿಲ್ಲ. ಪಲ್ಯಕ್ಕೆ ಭಾಳ ಚಲೋ ಎಂದು ಅತ್ತೆ ಖುಷಿಯಿಂದಲೇ ಒಗ್ಗರಣೆಗಿಟ್ಟರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಒಂದು ಕುಂಬಳಕಾಯಿಗಾಗಿ ಬಿಕ್ಕಿ ಬಿಕ್ಕಿ ಅತ್ತೆ. ಆ ಮನುಷ್ಯನನ್ನೇ ಹೆಚ್ಚಿ ಪಲ್ಯ ಮಾಡಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಖಾಕಿ ಅಂಗಿಯ ಕಂಡಕ್ಟರ್ ಅಂಗಡಿಯಲ್ಲಿ ವಿಚಾರಿಸಿಕೊಂಡು ನಮ್ಮ ಬಾಗಿಲಿಗೆ ಬಂದ. ಹೆಗಲ ಮೇಲೆ ಒಂದು ದೊಡ್ಡ, ಬಲಿತ ಕುಂಬಳಕಾಯಿ.

"ಬಯಕಿ ಆದ ಅಕ್ಕೋರ ಮನಿ ಇದೇ ಏನ್ರಿ? ನಿನ್ನಿ ಬಸ್ಸಿನ್ಯಾಗ ಹಿಂದಿನ ಸೀಟಿಗಿದ್ದು ಕೋಡ್ಲಾ ಊರಾಗ ಇಳದ ಅವ್ವ ಕೊಟ್ಟು ಕಳಿಸ್ಯಾಳ್ರಿ."

ಉಳಿದದ್ದನ್ನೂ ಅವನೇ ಹೇಳಿದ. ಕಾಯಿ ಎಳೆಯದು, ಪಲ್ಯಕ್ಕಷ್ಟೇ ಆದೀತು ಎಂದು ಬಸ್ಸೆಲ್ಲ ಹೇಳಿದಾಗ ನಮ್ಮವರು ಎದ್ದು ನಿಂತು ಜಗಳಕ್ಕೇ ಬಿದ್ದಿದ್ದರಂತೆ. ನನ್ನ ಹೆಂಡತಿಗೆ ಗಾರಿಗೆಯ ಬಯಕೆಯಾಗಿದೆ, ಅವಳಿಗಾಗಿ ಸಂತೆಯೆಲ್ಲ ತಿರುಗಿ ಆರಿಸಿದ ಕಾಯಿ ಎಳೆಯದು ಹೇಗಾದೀತು ಎಂದು ಡ್ರೈವರ್ ತಿರುಗಿ ನೋಡುವಷ್ಟು ಜೋರಾಗಿ ಕೇಳಿದ್ದರಂತೆ.

ಅತ್ತೆ ನಿಧಾನವಾಗಿ ಮಗನ ಕಡೆ ತಿರುಗಿದರು. ಮಗ ಗೋಡೆ ನೋಡುತ್ತಿದ್ದರು.

"ನನಗ ಹೇಳ್ಲಿಕ್ಕ ನಾಚಿಕಿ. ಬಸ್ಸಿಗೆಲ್ಲ ಡಂಗುರ ಹೊಡೀಲಿಕ್ಕ ನಾಚಿಕಿಲ್ಲೇನು?"

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನಗು ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡೆ. ಆಮೇಲೆ ಈಳಿಗೆ ತಂದು ಅವರ ಮುಂದಿಟ್ಟೆ.

"ಬರ್ರಿ, ಕುಂದ್ರಿ. ಒಡದು ಕೊಡ್ರಿ," ಅಂದೆ.

ಅತ್ತೆಯ ಎದುರು ನಾನು ಗಂಡನಿಗೆ ಆಡಿದ ಮೊದಲ ಮಾತು ಅದು. ಅತ್ತೆ ಕೇಳಿಸಲಿಲ್ಲ ಅನ್ನುವ ಹಾಗೆ ಬೆಲ್ಲ ಕುಟ್ಟತೊಡಗಿದರು.